ಹೂಂ ಅಂದದ್ದಕ್ಕೆ

ಜೂನ್ 11, ಮಂಗಳವಾರ

ಇವತ್ತೂ ನಮ್ಮ ಖಾರದ ಗಿರಣಿ ಬಂದ್. ಸವದತ್ತಿಯಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ನಿಂತೇ ಹೋದದ್ದು. ಎ.ಸಿ. ಸಾಹೇಬರ ಕಚೇರಿಯಲ್ಲಿ ಹಿಯರಿಂಗ್ ಹನ್ನೊಂದಕ್ಕೆ ಅಂದಿದ್ದರು, ಕರೆದದ್ದು ಊಟ ಮುಗಿದ ಮೇಲೆ.

ಗಿರಣಿ ಮುಂದೆ ಹೊಸ ಲೇಔಟ್. ಅದರ ಪ್ಲ್ಯಾನಿನಲ್ಲಿ ನಮ್ಮ ದಾರಿಯ ಮೇಲೆ ಗಾರ್ಡನ್ ಬರೆದಿದ್ದಾರೆ. ಮೆಣಸಿನಕಾಯಿ ಚೀಲ ಹೊತ್ತವರು ಆಕಾಶದಿಂದ ಇಳಿಯಬೇಕೇ? ದಾರಿ ಹೋದರೆ ಗಿರಣಿಗೆ ಬೀಗವೇ ಗತಿ. ತಕರಾರು ಕೊಟ್ಟೆ. ವಕೀಲರನ್ನು ಇಟ್ಟಿಲ್ಲ. ‘ಖುದ್ದಾಗಿ ಹಾಜರಾಗಬಹುದು’ ಎಂದು ನೋಟಿಸಿನಲ್ಲೇ ಇದೆಯಲ್ಲ... ಹಾಜರಾದೆ.

ಲೇಔಟ್‌ನವರ ವಕೀಲ ಸಂದೀಪ ಕುರ್ಚಿಯಲ್ಲಿ ಕೂತು ಅರ್ಧ ತಾಸು ಮಾತಾಡಿದ. ನಾನು ನಿಂತು ಕೇಳಿದೆ. ನನ್ನ ಸರದಿ ಬರುವಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿ ಮುಂದಿನ ತಾರೀಕು ಕೊಟ್ಟರು.

ಜೂನ್ 14

ಅವತ್ತಿನ ಹಿಯರಿಂಗಿನ ನಡಾವಳಿಯ ಝೆರಾಕ್ಸ್ ಸಿಕ್ಕಿತು. ‘ಸ್ಥಳದಲ್ಲಿ ದಾರಿ ಇಲ್ಲವೆಂಬುದನ್ನು ತಕರಾರುದಾರರು ಒಪ್ಪಿರುತ್ತಾರೆ.’

ಯಾವಾಗ ಒಪ್ಪಿದೆ?! ಕ್ಲರ್ಕ್ ಹಣಮಂತಪ್ಪನವರಿಗೆ ಫೋನ್ ಮಾಡಿದೆ.

“ವಕೀಲರು ಹೇಳೂಮುಂದ ನೀವು ಹೂಂ ಹೂಂ ಅಂದ್ರೆಲ್ರಿ ಅಕ್ಕಾರ. ಅದನ್ನ ವಕೀಲರು ಎತ್ತಿ ತೋರಿಸಿದ್ರು, ಒಪ್ಯಾರ ಅಂತ ಬರಿ ಅಂದ್ರು ಸಾಹೇಬ್ರು.”

ನನ್ನ ಕರ್ಮ! ಹೂಂ ಅಂದರೆ ಕೇಳುತ್ತಿದ್ದೇನೆ, ಮುಂದೆ ಹೇಳಪ್ಪ ಎಂದು. ಹೂಂಗುಟ್ಟದೆ ನಿಂತರೆ ಸೊಕ್ಕಿನವಳು ಅನ್ನುತ್ತಾರೆ. ಅತ್ತೆ ಶಟ್ಟೆವ್ವ ತಮ್ಮ ತಂಗಿಯ ಜೊತೆ ಫೋನಿನಲ್ಲಿ ತಾಸುಗಟ್ಟಲೆ ಹೂಂ ಅನ್ನುತ್ತಾರೆ, ಹಾಗಾದರೆ ಮನೆಯನ್ನೇ ಬರೆದುಕೊಟ್ಟಂತಾಯಿತೇ? ಅತ್ತೆಗೆ ಹೇಳಿದೆ. “ಹೂಂ ಅನ್ನಾಕೂ ವಕೀಲ ಬೇಕಾತೇನ?” ಎಂದರು.

ಜೂನ್ 25

ತುಟಿ ಹೊಲಿದುಕೊಂಡು ನಿಂತೆ. ಗಂಟಲಿಗೆ ಹೂಂ ಬಂದಾಗಲೆಲ್ಲ ಕೆಮ್ಮಿದೆ. ಕೊನೆಗೆ ಸಾಹೇಬರು ಬರೆಸಿದ್ದು — ‘ತಕರಾರುದಾರರು ಮೌನವಾಗಿದ್ದು, ಹೇಳುವುದೇನೂ ಇರುವುದಿಲ್ಲ.’

ಕೇಳಿದ್ದು ಯಾರು ನನ್ನನ್ನು? “ಸರ್, ನನ್ನ ಮಾತು” ಅಂದೆ. ಆಗಲೇ ಮುಂದಿನ ಕೇಸು ಕರೆದಿದ್ದರು. ಅಂದರೂ ಒಪ್ಪಿಗೆ, ಅನ್ನದಿದ್ದರೂ ಒಪ್ಪಿಗೆ. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ಅಳು ಬಂತು, ಸಿಟ್ಟಿಗೆ.

ಜುಲೈ 16

ಕರೆದ ಕೂಡಲೇ ಸಾಹೇಬರ ಮೇಜಿನ ಹತ್ತಿರವೇ ಹೋಗಿ ನಿಂತೆ. “ಇವತ್ತು ಮೊದಲು ನಾನು” ಅಂದೆ. ಸಂದೀಪ ನಕ್ಕ. ಸಾಹೇಬರು ಯಾಕೋ ಬೇಡ ಅನ್ನಲಿಲ್ಲ.

ಹೇಳಿದೆ. ಗಿರಣಿ ಮಾವನ ಕಾಲದ್ದು. ಆಗ ಆ ದಾರಿಯಲ್ಲಿ ಎತ್ತಿನ ಚಕ್ಕಡಿ ಬರುತ್ತಿತ್ತು, ಈಗ ಟಂಟಂ ಆಟೋ. ಹಿಂದಿನ ಮನೆಯ ಮದರಬಿಗೂ ಅದೊಂದೇ ದಾರಿ. ಸಾಹೇಬರು ತಲೆಯಾಡಿಸುತ್ತ, “ಹೂಂ... ಹೂಂ...” ಅಂದರು.

ಅಲ್ಲೇ ನಿಲ್ಲಿಸಿದೆ.

“ಹಣಮಂತಪ್ಪಾರ, ಸಾಹೇಬ್ರು ಹೂಂ ಅಂದ್ರು. ದಾರಿ ಐತಿ ಅಂತ ಒಪ್ಯಾರ. ಬರಕೋರಿ.”

ಸಾಹೇಬರು ಕನ್ನಡಕ ತೆಗೆದರು. ಹಳೇ ನಡಾವಳಿ ತರಿಸಿ ಓದಿದರು, ಮತ್ತೆ ಓದಿದರು. ಆ ಎರಡೂ ಸಾಲು ಹೊಡೆದುಹಾಕಿಸಿದರು. ಶುಕ್ರವಾರ ತಾವೇ ಜಾಗ ನೋಡಲು ಬರುತ್ತಾರಂತೆ.

ಗೆದ್ದೆ ಅಂತೇನಲ್ಲ. ಒಂದು ಮಾತು ಕೇಳಿಸಲು ಇಷ್ಟು ಒದ್ದಾಟ!

ಜುಲೈ 19, ಶುಕ್ರವಾರ, ಬೆಳಗ್ಗೆ

ಜೀಪು ಬಂತು, ಗಿರಣಿಯ ಕಿಟಕಿಯಿಂದ ನೋಡುತ್ತಲೇ ಬರೆಯುತ್ತಿದ್ದೇನೆ. ಸಾಹೇಬರ ಪಕ್ಕದಲ್ಲೇ ಸಂದೀಪ ಕೂತಿದ್ದಾನೆ. ಇದೂ ನ್ಯಾಯವೇ! ನನ್ನನ್ನು ಯಾರಾದರೂ ಜೀಪಿಗೆ ಹತ್ತಿಸಿಕೊಂಡರೇ?

ಆದರೆ ಬಂದದ್ದು ಯಾವ ದಾರಿಯಲ್ಲಿ? ಇಲ್ಲವೇ ಇಲ್ಲ ಎಂದ ದಾರಿಯಲ್ಲೇ, ಸೀದಾ ಗಿರಣಿ ಬಾಗಿಲಿಗೆ. ಸಾಹೇಬರು ಇಳಿದು ಹಿಂದೆ ತಿರುಗಿ ಗಾಲಿಯ ಗುರುತು ನೋಡುತ್ತಿದ್ದಾರೆ. ಸಂದೀಪ ಫೋನ್ ನೋಡುತ್ತಿದ್ದಾನೆ.

ಹಣಮಂತಪ್ಪ ಕೂಗುತ್ತಿದ್ದಾರೆ, ರಾಜೇಶ್ವರಿ ಅಕ್ಕಾರ ಹಾಜರ್ ಅದಾರೇನ್ರಿ ಎಂದು. ಹೂಂ ಅನ್ನಲೋ, ಬೇಡವೋ—