ಆರೋನನ ಹುಡುಗರು

ಏಪ್ರಿಲ್ 26, ಶನಿವಾರ. ಮಧ್ಯಾಹ್ನ

ಇನ್ಸುಲಿನ್ ಆಯಿತು, ಗಂಜಿ ಆಯಿತು. ಆಮೇಲೆ ಓದು. ನಾನು ನೋಡಿಕೊಳ್ಳುವ ಸಿಪೋರಾ ಆಂಟಿ ಮುಂಬೈ ಕಡೆಯ ಯಹೂದಿ ಮುದುಕಿ, ಕಣ್ಣು ಕಾಣುವುದಿಲ್ಲ. ಅವರ ಧರ್ಮಗ್ರಂಥ ತೋರಾ ವಾರಕ್ಕೊಂದು ಪಾಠ, ವರ್ಷಕ್ಕೊಂದು ಸುತ್ತು. ಪುಸ್ತಕ ಮರಾಠಿಯದ್ದು. ಮದುವೆಗೆ ಮೊದಲು ನಾನು ಮುಂಬೈಯಲ್ಲಿದ್ದದ್ದು ಈಗ ಅಬುಧಾಬಿಯಲ್ಲಿ ಉಪಯೋಗಕ್ಕೆ ಬಂತು.

ಇವತ್ತು ಆರೋನ್ ಎಂಬ ದೊಡ್ಡ ಪುರೋಹಿತನ ಕತೆ. ಹಬ್ಬದ ದಿನವೇ ಇಬ್ಬರು ಗಂಡುಮಕ್ಕಳನ್ನು ಬೆಂಕಿ ನುಂಗುತ್ತದೆ. ಕಣ್ಣಿಗೆ ಮೊದಲೇ ಕಂಡಿತು. ಪುಟ ಮಗುಚಿದೆ — ಯಾವ ಮೀನು ತಿನ್ನಬಹುದು, ಯಾವುದು ಬಾರದು, ಅಲ್ಲಿಂದ ಓದಿದೆ.

"ನಿಲ್ಲು. ಹುಡುಗರೆಲ್ಲಿ?"

"ಯಾವ ಹುಡುಗರು ಆಂಟಿ?"

"ಆರೋನನ ಹುಡುಗರು! ಕಣ್ಣು ಹೋಗಿದೆ ಬೇಟಿ, ಕಿವಿ ಉಂಟು. ಒಂದಕ್ಷರ ಬಿದ್ದುಹೋದರೂ ತೋರಾದ ಸುರುಳಿಯನ್ನು ಸರಿಮಾಡುವ ತನಕ ಓದುವ ಹಾಗಿಲ್ಲ ನಮ್ಮಲ್ಲಿ. ನೀನು ಇಬ್ಬರನ್ನು ಬಿಟ್ಟೆಯಲ್ಲ!"

ತಲೆನೋವು ಎಂದೆ.

ನನ್ನ ಮಗನೂ ಪರೀಕ್ಷೆ ಪಾಸಾದ ಖುಷಿಗೆ ಕಡಲಿಗೆ ಹೋದವನು. ನಾನು ಊರು ಮುಟ್ಟುವ ಮೊದಲೇ ಸುಟ್ಟಾಗಿತ್ತು. ಕಡಲಲ್ಲಿ ಸಿಕ್ಕಿದ್ದು, ಇಡುವ ಹಾಗಿರಲಿಲ್ಲ ಎಂದರು. ಮುಖ ನೋಡಲಿಲ್ಲ. ಅವತ್ತಿನಿಂದ ಅವನ ಹೆಸರು ನಾಲಿಗೆಗೆ ಬಂದಿಲ್ಲ. ಇಲ್ಲಿಯೂ ಬರೆದಿಲ್ಲ.

ಏಪ್ರಿಲ್ 29

ಇವರು ಕೆಲಸ ಮಾಡುವ ರಾಸ್ ಅಲ್ ಖೋರ್‌ನಿಂದ ಫೋನ್. ಹಿಂದೆ ಗ್ಯಾರೇಜಿನ ಗಲಾಟೆ.

"ರಾಜೀವಿ, ಅವನ ವರ್ಷಾಂತ ಜೂನ್ ಮೊದಲ ವಾರ. ನನಗೆ ಲೀವ್ ಸಿಕ್ಕಿತು. ನೀನು ಬರ್ತೀಯಲ್ಲ?"

"ನೀವು ಹೋಗಿ ಬನ್ನಿ."

"ಎಲೆ ಬಡಿಸಿ ಕರೆಯುವುದು ಯಾರು ಮಾರಾಯ್ತಿ? ತಾಯಿಯೇ ಹೆಸರು ಹಿಡಿದು ಊಟಕ್ಕೆ ಕರೀಬೇಕು ಅಂತ ಅಮ್ಮನದ್ದು ಒಂದೇ ಹಠ."

"ನನ್ನಿಂದ ಆಗುವುದಿಲ್ಲ."

"ನನ್ನಿಂದ ಆಗ್ತದಾ ಹಾಗಾದ್ರೆ?"

ಇಟ್ಟುಬಿಟ್ಟರು.

ಮೇ 3, ಶನಿವಾರ

ಈ ವಾರದ ಪಾಠ ಬಾಣಂತಿ, ಕಜ್ಜಿ, ಬಿಳಿ ಕಲೆ, ಗೋಡೆಗೆ ಹಿಡಿದ ಬೂಷ್ಟು. "ನಿಮ್ಮ ದೇವರಿಗೆ ಚರ್ಮದ ಡಾಕ್ಟರ ಡ್ಯೂಟಿಯೂ ಇತ್ತಾ ಆಂಟಿ?" ಎಂದೆ. ಕೆಮ್ಮು ಬರುವಷ್ಟು ನಕ್ಕರು. "ಅರೇ, ಇನ್ಶೂರೆನ್ಸ್ ಕಾರ್ಡ್ ಕೇಳದ ಡಾಕ್ಟರು!" ನಾನೂ ನಕ್ಕೆ.

ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ನಿಂತೆ... ನಕ್ಕದ್ದಕ್ಕೆ.

ಮೇ 10, ಶನಿವಾರ

ಮೋಸ. ಮುಗಿಯಿತು ಅಂದುಕೊಂಡಿದ್ದೆ. ಮೊದಲ ಸಾಲೇ — ಆರೋನನ ಇಬ್ಬರು ಮಕ್ಕಳು ಸತ್ತ ಮೇಲೆ.

"ಪುನಃ ಯಾಕೆ ಆಂಟಿ? ಅದು ಹೋಗಿ ಆಯ್ತಲ್ಲ."

"ಎಲ್ಲಿಗೆ ಹೋಗ್ತದೆ? ನಡುವೆ ಕಜ್ಜಿ, ತುರಿ ಎಲ್ಲ ಬರ್ತದೆ. ಪುನಃ ಅದೇ. ಅವತ್ತು ಬಿಟ್ಟದ್ದನ್ನು ಈಗ ಓದು."

ಓದಿದೆ. ಬೆಂಕಿ ಬಂತು. ಮಕ್ಕಳು ಸತ್ತರು. ಆರೋನ ಸುಮ್ಮನಿದ್ದ. ಅಷ್ಟೇ.

ನಮ್ಮ ಅಜ್ಜಿಯ ಕತೆಗಳಲ್ಲಿ ಸತ್ತ ಮಗ ಹೂವಾಗಿಯಾದರೂ ಬರುತ್ತಿದ್ದ, ಇಲ್ಲ ಹಕ್ಕಿಯಾಗಿ. ನಾವು ಹೂಂಗುಟ್ಟುತ್ತಾ ಕಾಯುತ್ತಿದ್ದೆವು. ಇಲ್ಲಿ ಯಾರೂ ಬರುವುದಿಲ್ಲ. ಆದರೆ ಆರೋನನಿಗೆ ಸಮಾಧಾನ ಮಾಡಿಕೋ ಎಂದು ಯಾರೂ ಹೇಳಲಿಲ್ಲ. ಅದೊಂದು ಸರಿ ಕಂಡಿತು.

ಮೇ 17

ಪುರೋಹಿತರು ಹೆಣ ಮುಟ್ಟಬಾರದಂತೆ. ಮಗನದ್ದಾದರೆ ಮುಟ್ಟಬಹುದಂತೆ.

ಮುಟ್ಟಬಹುದಂತೆ.

ಮೇ 24, ಶನಿವಾರ. ಸಂಜೆ

ಶಾಪಗಳ ಪಾಠ. ದೇವರ ಮಾತು ಮೀರಿದರೆ ಏನೇನು ಬಂದೀತು ಎಂದು, ಒಂದರ ಮೇಲೊಂದು. ಆಂಟಿ ನನ್ನ ಕೈ ಹಿಡಿದರು.

"ಇದನ್ನು ಜೋರಾಗಿ ಓದುವ ಪದ್ಧತಿ ಇಲ್ಲ. ಮೆಲ್ಲ, ಬೇಗ ಬೇಗ. ಆದರೆ ಬಿಡುವ ಹಾಗಿಲ್ಲ."

ಪಿಸುಗುಟ್ಟಿ ಓದಿದೆ. ತೋರಾದ ಐದು ಪುಸ್ತಕಗಳಲ್ಲಿ ಮೂರನೆಯದು ಅಲ್ಲಿಗೆ ಮುಗಿಯಿತು. "ಹಝಾಕ್" ಎಂದರು ಆಂಟಿ. ಒಂದು ಪುಸ್ತಕ ಮುಗಿದರೆ ಒಬ್ಬರಿಗೊಬ್ಬರು ಧೈರ್ಯವಾಗಿರು ಎನ್ನುತ್ತಾರಂತೆ.

"ನೀನೂ ಹೇಳು."

"ನನ್ನ ಹತ್ತಿರ ಧೈರ್ಯ ಮಾಫಿ, ಇಲ್ಲವೇ ಇಲ್ಲ ಆಂಟಿ."

"ಇದ್ದವರಿಗೆ ಯಾಕೆ ಹೇಳಬೇಕು, ಹುಚ್ಚಿ?" ಹಿಡಿದ ಕೈ ಬಿಡದೆ — "ನಿನ್ನ ಹುಡುಗನ ಹೆಸರೇನು?"

ನಾನು ಹೇಳಿಯೇ ಇರಲಿಲ್ಲ, ಹುಡುಗ ಇದ್ದ ಎಂದು.

"ಪುಟ ಮಗುಚಿದ ದಿನವೇ ಗೊತ್ತಾಯ್ತು. ಶಾಪ ಓದಿದ ಹಾಗೆ ಮೆಲ್ಲ ಹೇಳು. ಬಿಡಬೇಡ."

ತುಟಿ ಅಲುಗಿತು. ಸ್ವರ ಬರಲಿಲ್ಲ. ಆಂಟಿ ಮಾತ್ರ ಕೇಳಿಸಿತು ಎನ್ನುವ ಹಾಗೆ ತಲೆಯಾಡಿಸಿದರು.

ಮೇ 26

ಇವರಿಗೆ ಫೋನ್ ಮಾಡಿದೆ. "ಟಿಕೆಟ್ ಇಬ್ಬರಿಗೂ ಮಾಡಿ." ಆ ಕಡೆಯಿಂದ ಗ್ಯಾರೇಜಿನ ಸದ್ದು ಮಾತ್ರ. ಅಳುತ್ತಿದ್ದರೋ ಏನೋ.

ಹಗುರ ಏನೂ ಆಗಿಲ್ಲ. ಎದೆಯ ಕಲ್ಲು ಇದ್ದಲ್ಲೇ ಇದೆ. ಊರಿನವರೆಲ್ಲ ನಿಂತು ನೋಡುತ್ತಿರುವಾಗ ಎಲೆಯ ಮುಂದೆ ಕೂತು ಕರೆಯಬೇಕು. ಅಲ್ಲಿ ಹೆಸರು ಬಾರದಿದ್ದರೆ ಅವನು ಹಸಿದೇ ಹೋಗುತ್ತಾನೆ.

ಆಂಟಿ ಮಲಗಿದ್ದಾರೆ. ಬಾಗಿಲು ಹಾಕಿಕೊಂಡಿದ್ದೇನೆ. ಮೊದಲು ಬರೆದು ನೋಡುತ್ತೇನೆ, ಆಮೇಲೆ ಬಾಯಿಬಿಟ್ಟು.

ಸುಶಾಂತಾ, ಬಾ ಮಗಾ. ಬಡಿಸಿದ್ದೇನೆ.

ಮೆಲ್ಲ ಬಂತು. ಪಿಸುಮಾತಿನಲ್ಲಿ. ಇನ್ನೊಮ್ಮೆ, ಸ್ವಲ್ಪ ಜೋರಾಗಿ—

ಸುಶಾಂ... ಒಂದಕ್ಷರ ಬಿತ್ತು, ಸರಿಮಾಡಿ ಪುನಃ ಕರೆಯುತ್ತೇನೆ.