ಪಡಸಾಲೆಯ ಕುರ್ಚಿಗಳು

ನೆಲೋಗಿ, ತಾ. ಜೇವರ್ಗಿ
8-1-2025, ಬುಧವಾರ

ಚಿ. ಸೌ. ಶಿವಕಾಂತಾಗೆ,

ಇದನ್ನು ಬರೆಯುತ್ತಿರುವವಳು ನಿನ್ನ ಅತ್ತೆ ಶಾರದಾಬಾಯಿ. ಆಳಂದದಲ್ಲಿ ಮ್ಯಾಟ್ರಿಕ್ ಪಾಸಾಗಿ ಈ ವಾಡೆಗೆ ಸೊಸೆಯಾಗಿ ಬಂದವಳು, ನಿನ್ನ ಮಾವ ಲಿಂಗೈಕ್ಯರಾದ ಮೇಲೆ ಹೊಲ ಮನೆ ಎರಡನ್ನೂ ಯಾರ ಮುಂದೆಯೂ ತಲೆ ತಗ್ಗಿಸದೆ ನಡೆಸಿದವಳು. ನಿನಗೆ ಗೊತ್ತಿಲ್ಲವೆಂದಲ್ಲ. ಈಚೆಗೆ ನೀನು ನನ್ನ ಮಗ ಮಹೇಶನ ಜೊತೆ ಮಾತ್ರ ಮಾತಾಡಿ ಫೋನು ಇಡುತ್ತಿದ್ದೀ, ಅದಕ್ಕೆ ನೆನಪು ಮಾಡಿದೆ.

ಮೊದಲು ನಿನ್ನ ಆರೋಗ್ಯ ತಿಳಿಸು. ಕಾಲಿನ ಬಾವು ಇಳಿಯಿತೇ? ಅತನೂರಿನಲ್ಲಿ ಚಳಿ ಹೇಗಿದೆ? ತುಂಬಿದ ಬಸುರಿ, ತಣ್ಣೀರಿನಲ್ಲಿ ಕೈ ಇಡಬೇಡ. ಮಹೇಶನ ಕೈಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇನೆ. ಖಾರ ಕಡಿಮೆ ಹಾಕಿದ್ದೇನೆ, ನಿನಗೆ ರುಚಿ ಅನಿಸದಿದ್ದರೂ ಅದನ್ನೇ ತಿನ್ನು. ಇದೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿಮ್ಮವ್ವ ಸ್ಪೀಕರ್ ಹಾಕಿ ನನ್ನ ಮಾತನ್ನು ಅರ್ಧ ಓಣಿಗೆ ಕೇಳಿಸುತ್ತಾರೆ. ಅದು ನನಗೆ ಸೇರುವುದಿಲ್ಲ.

ಬಾಣಂತನ ಮುಗಿದರೂ ನೀನು ಈ ಮನೆಗೆ ಬರುವುದಿಲ್ಲವೆಂದು ಮಹೇಶ ಹೇಳಿದ. "ಕ್ಲಾಸ್ ಮುಚ್ಚಿದ ಮನ್ಯಾಗ ನಾ ಬಂದು ಏನ್ ಮಾಡ್ಲಿ" ಅಂದಿಯಂತೆ. ಕೇಳಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕು ಶಿವಕಾಂತಾ, ಈಗೀಗ ಸಂಜೆಯಾಗುವಷ್ಟರಲ್ಲಿ ನನ್ನಲ್ಲಿ ಅದು ಉಳಿದಿರುವುದಿಲ್ಲ. ಹೊಸ್ತಿಲು ದಾಟಲು ಚೌಕಟ್ಟು ಹಿಡಿಯಬೇಕಾಗಿದೆ. ಅದಕ್ಕೇ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಪಡಸಾಲೆಯ ಯೋಗದ ಕ್ಲಾಸಿಗೆ ಮುಂಜಾನೆ ಸಾಲೀ ಮಕ್ಕಳು, ಹೊತ್ತೇರಿದ ಮೇಲೆ ಬಸುರಿಯರು ಬಾಣಂತಿಯರು, ಮಧ್ಯಾಹ್ನ ಮುದುಕಿಯರು ಎಂದು ನೀನೇ ಕಟ್ಟಿದ ಏರ್ಪಾಡು. "ಎಲ್ಲಾರಿಗೂ ಒಂದ ಯೋಗ ಅಲ್ರಿ ಅತ್ತಿ, ಕಪ್ಪಿಹಂಗ ಜಿಗಿಯೋ ಮಕ್ಕಳಿಗಿ ಬ್ಯಾರೆ, ಮೊಣಕಾಲ ಹೋದೋರಿಗಿ ಬ್ಯಾರೆ" ಎಂದು ಹೇಳಿ ಮುದುಕಿಯರಿಗಾಗಿ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದಿ. ನೀನಿದ್ದಾಗ ಆ ಹೊತ್ತಿಗೆ ನಾನು ಒಳಗೆ ಮಲಗುತ್ತಿದ್ದೆ. ಬಸುರಿಯ ಕುಬಸ ಮಾಡಿಸಿಕೊಂಡು ನೀನು ತವರಿಗೆ ಹೋದ ಮೇಲೆ ನೀನು ಕಲಿಸಿದ ಗುಲಫಶಾ ಪಾಠ ಹಿಡಿದಳು. ಕರೀಮಸಾಬನ ಸೊಸೆಯಾದ ಆಕೆ ಒಳ್ಳೆಯವಳೇ, ಆದರೆ ಚಿಕ್ಕವಳು. ವಾಡೆಯ ಪಡಸಾಲೆಯಲ್ಲಿ ಇಷ್ಟು ಮಂದಿ ಸೇರುವಾಗ ಮನೆಯ ಹಿರಿಯರು ಇರಬೇಕೆಂದು ನಾನೇ ಬಂದು ನಿನ್ನ ಮಾವನ ಕುರ್ಚಿಯಲ್ಲಿ ಕುಳಿತೆ.

ಅವತ್ತಿನಿಂದ ಮುದುಕಿಯರು ಕುರ್ಚಿ ಬಿಟ್ಟು ನೆಲಕ್ಕೆ ಕುಳಿತರು. ರೇವಮ್ಮನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಗುಲಫಶಾ ಕುರ್ಚಿ ತೋರಿಸುವಳು, ಇವರು ತಲೆ ಅಲ್ಲಾಡಿಸುವರು. ಇವರಿಗೆ ಬೇಡವಾದ ಮೇಲೆ ಇಲ್ಲಿ ಯಾಕೆಂದು ಕುರ್ಚಿಗಳನ್ನು ತೊಗರಿ ಚೀಲದ ಖೋಲಿಗೆ ಹಾಕಿಸಿದೆ. ಒಬ್ಬೊಬ್ಬರೇ ಬರುವುದು ಬಿಟ್ಟರು. ಅವರು ಬಿಟ್ಟದ್ದು ಕಂಡು ಬಸುರಿಯರೂ ಬಿಟ್ಟರು. ನಾನು ಬಾಗಿಲು ಹಾಕಿದೆ. ನಿನಗೆ ಮುಟ್ಟಿದ ಸುದ್ದಿ ಇಷ್ಟೇ.

ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಊಟಕ್ಕೆ ಕುಳಿತಾಗ, ಯಾಕೆ ಬಿಟ್ಟಿರೆಂದು ಮುದುಕಿಯರ ಪೈಕಿ ಚಾಂದಬೀಯನ್ನು ನೇರವಾಗಿ ಕೇಳಿದೆ. ಆಕೆ ಬಜ್ಜಿ ಪಲ್ಯ ಬಡಿಸಿಕೊಳ್ಳುತ್ತ, "ಬಾಯಿ, ನೀವು ಎದುರಿಗಿ ಕುಂತಿರಂದ್ರ ನಾವು ಕುರ್ಚಿ ಮ್ಯಾಲ ಹ್ಯಾಂಗ ಕುಂದ್ರಬೇಕ್ರಿ?" ಅಂದಳು. ರೇವಮ್ಮ, "ನಾ ಅಂತೂ ಸತ್ತ ಮ್ಯಾಲೇ ಕುಂದ್ರತೇನಿ" ಅಂದಳು. ಚಾಂದಬೀ ಬಿಡುತ್ತಾಳೆಯೇ? "ನಿಮ್ಮ ಮಂದಿ ಸತ್ತ ಮ್ಯಾಲರ ಕುಂದ್ರಸಿ ಮಣ್ಣ ಮಾಡ್ತಾರ ಬೇ. ನನಗ ಆವಾಗೂ ಮಲಗೋದೇ!" ಎಲ್ಲರೂ ತುತ್ತು ಹಿಡಿದುಕೊಂಡೇ ನಕ್ಕರು. ನಾನು ತುತ್ತನ್ನು ಕೆಳಗಿಟ್ಟೆ. ನಾನೂ ನನ್ನ ಅತ್ತೆಯೆದುರು ಒಂದು ದಿನವೂ ಮಣೆಯ ಮೇಲೆ ಕುಳಿತವಳಲ್ಲ. ಆದರೂ ಇದು ನನಗೆ ಹೊಳೆದಿರಲಿಲ್ಲ.

ಮೊನ್ನೆ ಸೋಮವಾರ ಪಡಸಾಲೆ ತೆಗೆಸಿ, ಖೋಲಿಯ ಕುರ್ಚಿಗಳನ್ನು ಹಾಕಿಸಿ ಎಲ್ಲರನ್ನೂ ಕರೆಸಿದೆ. "ಕುಂದರ್ರಿ" ಎಂದು ಗದರಿಸಿದೆ. ಕುಳಿತರು, ಕುರ್ಚಿಯ ಅಂಚಿಗೆ, ಈಗಲೋ ಆಗಲೋ ಏಳುವವರ ಹಾಗೆ. ಹಾಗೆ ಕುಳಿತರೆ ಯಾವ ಯೋಗ ಆದೀತು? ನಿನ್ನ ಮಾವನ ಕುರ್ಚಿ ಎತ್ತಿಸಿ ಅಟ್ಟಕ್ಕೆ ಹಾಕಿಸಿದೆ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸಾಲಿನ ತುದಿಗೆ, ರೇವಮ್ಮನ ಮಗ್ಗುಲಿಗೆ ಕುಳಿತೆ. ಆಮೇಲೆ ಚಾಂದಬೀ, "ಮ್ಯಾಟ್ರಿಕ್ ಪಾಸಾದೋರು ನಮ್ಮ ಕ್ಲಾಸಿಗಿ ಇಳದಾರ ನೋಡ್ರಿ" ಅಂದಳು. ನಾನು ನಗಲಿಲ್ಲ. ಉಳಿದವರು ನಕ್ಕು, ನಗುತ್ತಲೇ ಕುರ್ಚಿಗೆ ಬೆನ್ನು ಹಚ್ಚಿದರು.

ಗುಲಫಶಾ ಎಲ್ಲರ ಭುಜ ಬೆನ್ನು ಮುಟ್ಟಿ ತಿದ್ದುತ್ತಾಳೆ. ನನ್ನ ಹತ್ತಿರ ಬಂದಾಗ ಮಾತ್ರ ಕೈ ಹಿಂದೆ ಕಟ್ಟಿಕೊಂಡು, "ಬೆನ್ನ ನೆಟ್ಟಗ ಮಾಡ್ರಿ ಬಾಯಿ" ಎಂದು ದೂರದಿಂದ ಹೇಳುತ್ತಾಳೆ. ನನ್ನ ಕೊರಳಲ್ಲಿ ಲಿಂಗ ಇದೆ, ಗೌಡಸಾನಿ ಏನನ್ನುತ್ತಾಳೋ ಎಂಬ ಅಂಜಿಕೆ. ನಿನ್ನೆ ಆಕೆಯ ಕೈ ಹಿಡಿದು ನಾನೇ ನನ್ನ ಬೆನ್ನ ಮೇಲೆ ಇಟ್ಟುಕೊಂಡೆ. ಹುಡುಗಿಯ ಕೈ ತಣ್ಣಗಿತ್ತು. ಬೆನ್ನು ನೆಟ್ಟಗಾಯಿತು. ನೀನು ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ನನ್ನನ್ನು ಮುಟ್ಟಿ ತಿದ್ದಲಿಲ್ಲ. ನಾನೂ ಬಿಟ್ಟುಕೊಡುವವಳಾಗಿರಲಿಲ್ಲ. ಇದನ್ನು ನಿಮ್ಮವ್ವನಿಗೆ ಓದಿ ಹೇಳಬೇಡ.

ಬೀಗರಿಗೂ ಬೀಗತಿಗೂ ನನ್ನ ಶರಣು. ನಿನಗೂ ಹೊಟ್ಟೆಯೊಳಗಿನ ಕೂಸಿಗೂ ಬಸವಣ್ಣನ ಕಾವಲಿರಲಿ.

ನಿನ್ನ ಅತ್ತೆ,
ಶಾರದಾಬಾಯಿ

ತಾ.ಕ.: ಮಹೇಶ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಮಾವನ ಕುರ್ಚಿ ಇದ್ದ ಜಾಗದ ಮೇಲೆ, ತೊಲೆಗೆ, ಬಡಿಗೇರ ಅಣ್ಣಾರಾಯನಿಂದ ಎರಡು ಕೊಂಡಿ ಹಾಕಿಸಿದ್ದೇನೆ. ಕೂಸು ಹುಟ್ಟುವ ಮೊದಲು ತೊಟ್ಟಿಲು ಕಟ್ಟಬಾರದು, ಕಟ್ಟಿಲ್ಲ. ಕೊಂಡಿ ಮಾತ್ರ. ಪಾಠ ಹೇಳುವವಳು ನಿಲ್ಲುವಲ್ಲಿಂದ ತೊಟ್ಟಿಲು ತೂಗಲು ಕೈಗೆ ಎಟುಕುತ್ತದೆಯೋ ಇಲ್ಲವೋ ಎಂದು ಗುಲಫಶಾಳನ್ನು ನಿಲ್ಲಿಸಿ ನೋಡಿದ್ದೇನೆ. ಎಟುಕುತ್ತದೆ.