ಮಲಗಿ ನೋಡಬೇಕಾದ ಮಸೀದಿ

ತಾರೀಖು ೧೪, ಶುಕ್ರವಾರ

ತಂಗೀ,

ನಿನ್ನ ಕಾಗದ ಬಂತು. ಅಪ್ಪ ಹೋದ ಸುದ್ದಿ ಮುಟ್ಟಿದ ಮೇಲೆ ಒಂದೇ ಮಾತು ಕೇಳಿದ್ದೀಯ, ಕೊನೆಗಾದರೂ ನನ್ನನ್ನು ಕ್ಷಮಿಸಿದರಾ ಎಂದು. ಇಲ್ಲ. ಕ್ಷಮಿಸುವುದಕ್ಕೆ ಅವರಿಗೆ ನಿನ್ನ ಮೇಲೆ ಕೋಪವೇ ಇರಲಿಲ್ಲ.

ಮೂರು ವರ್ಷದ ಹಿಂದೆ ನೀನು ಹಳೇ ಮಸೀದಿಯ ಚಿತ್ರ ಬರೆದು ಕಳಿಸಿದೆಯಲ್ಲ, ಅದನ್ನು ಬಿಚ್ಚಿದವಳು ನಾನು. ನಾನೂರು ವರ್ಷದ ಕಟ್ಟಡ; ಅಪ್ಪ ಅರ್ಧ ಆಯುಷ್ಯವನ್ನು ಅದರ ಗಾರೆ ಕೆಲಸದಲ್ಲೇ ಸವೆಸಿದವರು. ನಿನ್ನ ಚಿತ್ರದಲ್ಲಿ ಗುಮ್ಮಟವಿಲ್ಲ, ಮಿನಾರಿಲ್ಲ. ಬೂದುಬಣ್ಣದ ಹರವು, ಅದರೊಳಗೆ ಅಡ್ಡಾದಿಡ್ಡಿ ಓಡುವ ಬಿಳಿ ಗೀರು, ಮೂಲೆಯಲ್ಲೊಂದು ಹಳದಿ ಕಲೆ. ಅಪ್ಪ ನೋಡಿದರೆ ನೊಂದುಕೊಳ್ಳುತ್ತಾರೆ ಎನಿಸಿತು. ನಿಜ ಹೇಳುತ್ತೇನೆ, ಅದಕ್ಕೇ ತೋರಿಸಿದೆ.

ಕಾಲು ಬಿದ್ದುಹೋಗಿ ಮಂಚ ಹಿಡಿದಿದ್ದವರು ಕನ್ನಡಕ ಕೇಳಿದರು. ನೋಡಿದರು. ಆಮೇಲೆ ನಕ್ಕರು ಕಣೇ. "ಇದನ್ನ ನಿಂತ್ಕೊಂಡು ನೋಡಿದ್ರೆ ಏನ್ ಗೊತ್ತಾಗತ್ತೆ? ಮಲಗಿ ನೋಡ್ಬೇಕು. ಗುಮ್ಮಟದ ಒಳಮೈ ಇದು. ಆ ಬಿಳಿ ಗೀರು ನಾನು ಗಾರೆ ತುಂಬಿದ ಬಿರುಕು. ಗುಮ್ಮಟದಡಿ ಕಟ್ಟಿದ್ದ ಸಾರುವೆ ಮೇಲೆ ನನ್ನ ಪಕ್ಕದಲ್ಲೇ ಮಲಗಿ ನೋಡ್ತಿದ್ಳು, ಪುಟ್ಟ ಪಿಶಾಚಿ" ಅಂದರು.

ಆ ಸಾರುವೆಯ ದಿನಗಳಲ್ಲಿ ನಿನಗೆ ಎಂಟು, ನನಗೆ ಹನ್ನೆರಡು. ಅಮ್ಮ ಇರಲಿಲ್ಲ, ನಾನು ಮನೆಯಲ್ಲಿ ನಿಮ್ಮಿಬ್ಬರ ಬಟ್ಟೆಗಂಟಿದ ಸುಣ್ಣ ಉಜ್ಜುತ್ತಿದ್ದೆ. ಮಂಚದ ಪಕ್ಕ ನಿಂತಿದ್ದವಳು ಬಾಯಿತಪ್ಪಿ ಕೇಳಿಬಿಟ್ಟೆ, ಇದರಲ್ಲಿ ನಾನೆಲ್ಲಿ ಅಪ್ಪಾ ಎಂದು. "ನೀನು ಅಲ್ಲಿಗೆ ಬಂದೇ ಇಲ್ವಲ್ಲಮ್ಮ" ಅಂದರು, ಚಿತ್ರದಿಂದ ಕಣ್ಣು ಕೀಳದೆ.

ಅವತ್ತೇ ನಿನಗೆ ಬರೆದೆ: ಅಪ್ಪ ಚಿತ್ರಕ್ಕೆ ಉಗಿದರು, ಮಸೀದಿಯ ಮಾನ ಕಳೆದಿದ್ದಾಳೆ ಅಂದರು, ತಮ್ಮ ಹೆಣ ನೋಡಲೂ ಬರುವುದು ಬೇಡ ಅಂದರು ಎಂದು. ನೀನು ನಂಬಿದೆ. ಚಿತ್ರ ಬರೆಯುವುದನ್ನೇ ಬಿಟ್ಟು ಅಂಗಡಿ ಬೋರ್ಡುಗಳಿಗೆ ಅಕ್ಷರ ಬರೆಯುತ್ತಿದ್ದೀಯಂತೆ. ಇಲ್ಲಿ ಅಪ್ಪ ದಿನಾ ಬಾಗಿಲ ಕಡೆ ನೋಡಿ "ಇವತ್ತು ಬರ್ತಾಳಾ?" ಅನ್ನುತ್ತಿದ್ದರು. ಅವಳಿಗೆಲ್ಲಿ ಪುರುಸೊತ್ತು, ದೊಡ್ಡ ಕಲಾವಿದೆ, ಅನ್ನುತ್ತಿದ್ದೆ. ಹೌದೌದು ಎಂದು ತಲೆಯಾಡಿಸುತ್ತಿದ್ದರು, ಅದೂ ಹೆಮ್ಮೆಯಿಂದ! ಅವರಿಗೆ ಗಂಜಿ ಕುಡಿಸುತ್ತಿದ್ದ ಕೈ ನನ್ನದು.

ಅವರು ಹೋದ ಮೇಲೆ ಅದೇ ಮಂಚದಲ್ಲಿ ಮಲಗಿ ಚಿತ್ರ ನೋಡಿದೆ. ತುಂಬಾ ಹೊತ್ತು ನೋಡಿದೆ. ನನಗೆ ಏನೂ ಕಾಣಲಿಲ್ಲ. ಎದ್ದು, ಸುಣ್ಣ ಕಲಸಿ, ಅದರ ಮೇಲೆ ಎರಡು ಸಲ ಬಳಿದೆ. ಗೆರೆ ಬೀಳದ ಹಾಗೆ ಬಳಿಯುವುದು ನನಗೂ ಬರುತ್ತದೆ. ನಾನೂ ಗಾರೆಯವರ ಮಗಳೇ.

ಈಗ ಯಾಕೆ ಹೇಳಿದೆ ಅಂತೀಯಾ? ಅಪ್ಪ ಸಿಟ್ಟಿನಲ್ಲೇ ಹೋದರು ಎಂಬ ಸಂಕಟ ನಿನಗೆ ಅಭ್ಯಾಸವಾಗಿಬಿಟ್ಟಿದೆ. ಇದು ಎಂದೂ ಅಭ್ಯಾಸವಾಗುವುದಿಲ್ಲ.

ಆರೋಗ್ಯ ನೋಡಿಕೋ.

ನಿನ್ನ
ಅಕ್ಕ

ಇನ್ನೊಂದು ಮಾತು: ಕೊನೆಯ ವಾರ ಅಪ್ಪ ನಿನಗೊಂದು ಕಾಗದವನ್ನು ನನ್ನ ಕೈಲಿ ಹೇಳಿ ಬರೆಸಿದರು. ತಾವೇ ಸಹಿಯನ್ನೂ ಹಾಕಿದರು. ಅಂಚೆಗೆ ಹಾಕಿ ಬಂದೆ ಎಂದು ಹೇಳಿ ಒಲೆಗೆ ಹಾಕಿದೆ. ಮೂರೇ ಸಾಲಿತ್ತು. ಮೂರೂ ನನಗೆ ಬಾಯಿಪಾಠ. ನಿನಗೆ ಹೇಳುವುದಿಲ್ಲ.